ದೇವದೂತರು ಹಾಡಲು ಯಾರಿಗಾಗಿ ಕಾಯುತ್ತಾರೆ?

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ಯೆಹೂದಿಗಳ ಧರ್ಮಗ್ರಂಥವಾದ ಹೀಬ್ರೂ ಬೈಬಲ್‌ನಲ್ಲಿ ದೇವದೂತ ಮೊದಲ ಸಲ ಬಂದು ಮಾತಾಡಿಸುವುದು ಮನೆ ಬಿಟ್ಟು ಓಡಿಬಂದ ಒಬ್ಬ ಬಸುರಿ ದಾಸಿಯನ್ನು. ಅವಳ ಹೆಸರು ಹಾಗರ. ಐಗುಪ್ತ (ಈಜಿಪ್ಟ್) ದೇಶದವಳು. ಒಡತಿಯ ಕಾಟ ತಡೆಯಲಾರದೆ ಮರಳುಗಾಡಿನ ದಾರಿ ಹಿಡಿದಿದ್ದಾಳೆ. ಶೂರಿನ ದಾರಿಯಲ್ಲಿ ಒಂದು ಒರತೆ ಇದೆ. ಅಲ್ಲಿ ದೂತ ಅವಳನ್ನು ಕಾಣುತ್ತಾನೆ. ರೆಕ್ಕೆಯ ಸುದ್ದಿ ಇಲ್ಲ, ಬೆಳಕಿನ ಸುದ್ದಿಯೂ ಇಲ್ಲ. "ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ?" ಅಂತ ಕೇಳುತ್ತಾನೆ. ದಾರಿಯಲ್ಲಿ ಸಿಕ್ಕ ಯಾರಾದರೂ ಕೇಳುವ ಮಾತು, ಅಲ್ವಾ? ಹಾಗರ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾಳೆ. ಒಡತಿಯ ಹತ್ತಿರದಿಂದ ಓಡಿಬಂದೆ ಅನ್ನುತ್ತಾಳೆ. ಎಲ್ಲಿಗೆ ಅನ್ನುವುದನ್ನು ಹೇಳುವುದೇ ಇಲ್ಲ.

ಆಮೇಲೆ ನಡೆಯುವುದು ವಿಚಿತ್ರ. ಮಾತಾಡಿದ್ದು ದೂತ. ಆದರೆ ಅವನು "ನಿನ್ನ ಸಂತಾನವನ್ನು ನಾನು ಹೆಚ್ಚಿಸುವೆನು" ಅಂತ ದೇವರ ಹಾಗೆ 'ನಾನು' ಹಚ್ಚಿ ಮಾತಾಡುತ್ತಾನೆ. ಹಾಗರಳೂ ಕಡೆಗೆ ಹೆಸರಿಡುವುದು ದೇವರಿಗೆ, 'ನನ್ನನ್ನು ನೋಡುವ ದೇವರು' ಅಂತ. ಹಾಗಾದರೆ ಅಲ್ಲಿ ಇದ್ದದ್ದು ಯಾರು? ಉರಿಯುವ ಪೊದೆಯ ಕಥೆಯಲ್ಲೂ ಹೀಗೇ. ಬೆಂಕಿಯಲ್ಲಿ ಕಾಣಿಸಿಕೊಳ್ಳುವುದು ದೂತ, ಇಸ್ರಾಯೇಲ್ಯರ ಮುಂದಾಳು ಮೋಶೆಯನ್ನು ಕರೆಯುವುದು ದೇವರು. ದೇವರು ಕಣ್ಣಿಗೆ ಬಿದ್ದ ಅನ್ನುವುದಕ್ಕೆ ಅಳುಕಿ ಆಮೇಲಿನವರು ಮಧ್ಯದಲ್ಲಿ ದೂತನನ್ನು ತಂದು ನಿಲ್ಲಿಸಿದರು ಅನ್ನುವ ವಿದ್ವಾಂಸರಿದ್ದಾರೆ. ನನಗೆ ಇನ್ನೊಂದು ವಿವರಣೆ ಹೆಚ್ಚು ಸರಿ ಅನ್ನಿಸುತ್ತದೆ. ಡಂಗುರ ಸಾರುವವನು ರಾಜನ ಮಾತನ್ನು ರಾಜನ ಬಾಯಿಂದ ಬಂದ ಹಾಗೇ ಕೂಗುತ್ತಾನೆ. ಕೇಳಿದವರು ಡಂಗುರದವನ ಹೆಸರು ವಿಚಾರಿಸುವುದಿಲ್ಲ. ಹಳೆಯ ಕಥೆಗಳ ದೂತನ ಬಾಳು ಅಷ್ಟೇ. ಒಪ್ಪಿಸಿದ ಮಾತು ಮುಗಿದರೆ ಅವನೂ ಮುಗಿದ.

ಹೆಸರು ವಿಚಾರಿಸಿದವನೂ ಒಬ್ಬನಿದ್ದಾನೆ ಅನ್ನಿ. ಸಂಸೋನನ ಅಪ್ಪ ಮಾನೋಹ. "ನಿನ್ನ ಹೆಸರೇನು? ನೀನು ಹೇಳಿದ್ದು ನಡೆದಾಗ ನಿನ್ನನ್ನು ಗೌರವಿಸಬೇಕಲ್ಲ" ಅನ್ನುತ್ತಾನೆ. "ನನ್ನ ಹೆಸರು ನಿನಗೆ ಯಾಕೆ, ಅದು ಆಶ್ಚರ್ಯಕರವಾದದ್ದು" ಅಂತ ಉತ್ತರ. ಊಟಕ್ಕೆ ಕರೆದರೂ ಒಲ್ಲೆ ಅನ್ನುತ್ತಾನೆ. ಅರ್ಪಣೆ ಕೊಡುವುದಿದ್ದರೆ ದೇವರಿಗೆ ಕೊಡು ಅಂತ ಹೇಳಿ, ಯಜ್ಞದ ಉರಿಯ ಜೊತೆ ಮೇಲಕ್ಕೆ ಹೋಗಿಬಿಡುತ್ತಾನೆ. ಹೆಸರೂ ಇಲ್ಲ, ಊಟವೂ ಇಲ್ಲ, ಗೌರವವೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಊಟ ಮಾಡಿದವರೂ ಇದ್ದಾರೆ. ಆದಿಕಾಂಡದ 18ನೇ ಅಧ್ಯಾಯ. ಮಮ್ರೆಯ ಮರಗಳ ಹತ್ತಿರ ಸುಡುವ ಬಿಸಿಲು. ಅಬ್ರಹಾಮ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ತಲೆ ಎತ್ತಿದರೆ ಮೂವರು ಗಂಡಸರು. ಮುದುಕ ಎದ್ದು ಓಡುತ್ತಾನೆ. "ಸ್ವಲ್ಪ ನೀರು ತರಿಸುತ್ತೇನೆ, ಕಾಲು ತೊಳೆದುಕೊಳ್ಳಿ, ಒಂದು ತುತ್ತು ರೊಟ್ಟಿ ತಿನ್ನಿ" ಅನ್ನುತ್ತಾನೆ. ಒಳಗೆ ಹೋಗಿ ಸಾರಳಿಗೆ "ಬೇಗ ಮೂರು ಸೇರು ಒಳ್ಳೇ ಹಿಟ್ಟು ನಾದು" ಅನ್ನುತ್ತಾನೆ. ದನದ ಹಿಂಡಿಗೆ ಓಡಿ ಎಳೆಗರು ಆರಿಸುತ್ತಾನೆ. ಬೆಣ್ಣೆ, ಹಾಲು, ಮಾಂಸ ಎಲ್ಲ ಮುಂದಿಟ್ಟು, ತಾನು ಮರದ ಕೆಳಗೆ ನಿಂತು ಬಡಿಸುತ್ತಾನೆ. ಒಂದು ತುತ್ತು ಅಂದವನು ಒಂದು ಊರಿಗೆ ಆಗುವಷ್ಟು ಅಡುಗೆ ಮಾಡಿಸಿದ್ದಾನೆ. ಬಂದವರು ಯಾರು ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ, ಕಥೆ ಬಾಯಿ ಬಿಡುವುದಿಲ್ಲ.

ಮುಂದಿನ ಅಧ್ಯಾಯದಲ್ಲಿ ಸೊದೋಮಿಗೆ ಬರುವುದು ಇಬ್ಬರೇ. ಮೂರನೆಯವನು ಎಲ್ಲಿ ಹೋದ? ರಬ್ಬಿಗಳು, ಅಂದರೆ ಯೆಹೂದಿ ಧರ್ಮಪಂಡಿತರು, ಇಂಥ ಸಣ್ಣ ತೂತು ಕಂಡರೆ ಬಿಡುವವರಲ್ಲ. ಒಬ್ಬ ದೂತನಿಗೆ ಒಂದೇ ಕೆಲಸ, ಒಂದು ಕೆಲಸಕ್ಕೆ ಇಬ್ಬರು ದೂತರಿಲ್ಲ ಅಂತ ಅವರು ನಿಯಮ ಕಂಡುಕೊಂಡರು. ಸಾರಳಿಗೆ ಮಗು ಹುಟ್ಟುವ ಸುದ್ದಿ ತಂದವನ ಕೆಲಸ ಅಲ್ಲೇ ಮುಗಿಯಿತು, ಅವನು ಹೊರಟ. ಊರು ಕೆಡವುವವನು, ಅಲ್ಲಿದ್ದ ಅಬ್ರಹಾಮನ ಸಂಬಂಧಿ ಲೋಟನನ್ನು ಕಾಪಾಡುವವನು, ಈ ಇಬ್ಬರು ಮುಂದೆ ನಡೆದರು. ದೂತನಿಗೆ ಸ್ವಂತ ಇಚ್ಛೆ, ಸ್ವಂತ ಬದುಕು ಅಂತ ಏನೂ ಇಲ್ಲ ಅನ್ನುವುದನ್ನು ಇದಕ್ಕಿಂತ ಖಡಾಖಂಡಿತವಾಗಿ ಹೇಳುವುದು ಕಷ್ಟ.

ಇಲ್ಲಿಯವರೆಗೆ ಹೇಳಿದ ದೂತರು ಮನುಷ್ಯರ ಹಾಗೇ ಕಾಣುತ್ತಾರೆ. ರೆಕ್ಕೆ ಇರುವವರು ಬೇರೆ. ಅವರು ಯಾರ ಮನೆಗೂ ಸುದ್ದಿ ತರುವುದಿಲ್ಲ. ಅವರಿರುವುದು ದೇವರ ಹತ್ತಿರ. ಕನ್ನಡ ಬೈಬಲ್‌ನಲ್ಲಿ ಕೆರೂಬಿಗಳು, ಸೆರಾಫಿಯರು ಅಂತ ಓದುತ್ತೀರಲ್ಲ, ಅವರೇ. ಗ್ರೀಟಿಂಗ್ ಕಾರ್ಡಿನ ಗುಂಡುಗಲ್ಲದ ಮಗುವನ್ನು ದಯವಿಟ್ಟು ಮರೆತುಬಿಡಿ. ಅದು ಯುರೋಪಿನ ಚಿತ್ರಕಾರರ ಕಾಣಿಕೆ. ಕೆರೂಬಿ ಏದೆನ್ ತೋಟದ ಬಾಗಿಲು ಕಾಯುವ ಪ್ರಾಣಿ. ಅಸ್ಸೀರಿಯದ ಅರಮನೆ ಬಾಗಿಲಲ್ಲಿ ಮನುಷ್ಯನ ತಲೆ, ಎತ್ತಿನ ಮೈ, ಹದ್ದಿನ ರೆಕ್ಕೆ ಇರುವ ದೊಡ್ಡ ಕಲ್ಲಿನ ಮೂರ್ತಿಗಳು ಸಿಕ್ಕಿವೆ. ಕೆರೂಬಿ ಆ ಕುಲದ್ದು ಅಂತ ಊಹಿಸುವುದು ತಪ್ಪಲ್ಲ.

ಸೊಲೊಮೋನ ಕಟ್ಟಿಸಿದ ದೇವಾಲಯದ ಒಳಕೋಣೆಯಲ್ಲಿ ಇಂಥ ಎರಡು ಮೂರ್ತಿ ಇದ್ದವು ಅಂತ ಅರಸುಗಳ ಗ್ರಂಥ ಹೇಳುತ್ತದೆ. ಎಣ್ಣೆಮರದಲ್ಲಿ ಕೆತ್ತಿ ಚಿನ್ನದ ತಗಡು ಹೊದಿಸಿದ್ದು. ಒಂದೊಂದೂ 10 ಮೊಳ ಎತ್ತರ, ಅಂದರೆ ಸುಮಾರು 15 ಅಡಿ. ಒಂದೊಂದು ರೆಕ್ಕೆ 5 ಮೊಳ. ಎರಡೂ ಮೂರ್ತಿಗಳ ನಾಲ್ಕು ರೆಕ್ಕೆ ಚಾಚಿದರೆ 20 ಮೊಳದ ಕೋಣೆ ಗೋಡೆಯಿಂದ ಗೋಡೆಗೆ ತುಂಬುತ್ತಿತ್ತು. ಆ ರೆಕ್ಕೆಗಳ ಕೆಳಗೆ ಒಡಂಬಡಿಕೆಯ ಮಂಜೂಷ, ಅಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆ. ಅದರ ಮುಚ್ಚಳದ ಮೇಲೆ ಚಿನ್ನದ ಇನ್ನೆರಡು ಕೆರೂಬಿಗಳು, ಮುಖ ಮುಖ ನೋಡಿಕೊಂಡು. ಆ ಎರಡರ ನಡುವಿನಿಂದ ದೇವರು ಮಾತಾಡುತ್ತಾನೆ. ಗಮನಿಸಿ, ವಿಗ್ರಹ ಮಾಡಬೇಡಿ ಅನ್ನುವ ಆಜ್ಞೆ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿದೆ. ಈ ಮುಚ್ಚಳದ ಅಳತೆ 25ರಲ್ಲಿದೆ. ಮೂರ್ತಿ ಇದೆ, ಆದರೆ ಪೂಜೆ ಅದಕ್ಕಲ್ಲ. ಅದರ ನಡುವಿನ ಖಾಲಿ ಜಾಗಕ್ಕೆ.

ಇನ್ನು ಪ್ರವಾದಿ ಯೆಶಾಯನ ದರ್ಶನ. ಅರಸ ಉಜ್ಜೀಯ ಸತ್ತ ವರ್ಷ, ಸುಮಾರು ಕ್ರಿ.ಪೂ. 740. ಸೆರಾಫಿಯರಿಗೆ ಆರಾರು ರೆಕ್ಕೆ. ಎರಡರಿಂದ ಮುಖ ಮುಚ್ಚಿಕೊಂಡಿದ್ದಾರೆ, ಎರಡರಿಂದ ಕಾಲು ಮುಚ್ಚಿಕೊಂಡಿದ್ದಾರೆ, ಇನ್ನೆರಡರಿಂದ ಹಾರುತ್ತಿದ್ದಾರೆ. ಹಾರುವುದಕ್ಕೆ ಬೇಕಾದ್ದಕ್ಕಿಂತ ಮುಚ್ಚಿಕೊಳ್ಳುವುದಕ್ಕೇ ಜಾಸ್ತಿ ರೆಕ್ಕೆ. ದೇವರ ಎದುರು ನಿಂತವರಿಗೂ ದೇವರನ್ನು ನೋಡುವ ಧೈರ್ಯ ಇಲ್ಲ. ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ: ಕಾದೋಶ್, ಕಾದೋಶ್, ಕಾದೋಶ್. ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು. ಆ ಕೂಗಿಗೆ ಬಾಗಿಲ ಬುಡ ಅದುರುತ್ತದೆ, ಮನೆಯಲ್ಲಿ ಹೊಗೆ ತುಂಬುತ್ತದೆ. ನನ್ನ ತುಟಿ ಹೊಲಸು ಅಂತ ಯೆಶಾಯ ಅಳುತ್ತಾನೆ. ಒಬ್ಬ ಸೆರಾಫಿ ಇಕ್ಕಳದಲ್ಲಿ ಕೆಂಡ ತಂದು ಅವನ ಬಾಯಿಗೆ ಮುಟ್ಟಿಸುತ್ತಾನೆ. ಇಕ್ಕಳ ಅನ್ನುವ ವಿವರ ನನಗೆ ಬಹಳ ಇಷ್ಟ. ಉರಿಯುವ ಸೆರಾಫಿಗೂ ಆ ಕೆಂಡ ಬರಿಗೈಯಲ್ಲಿ ಎತ್ತಲು ಆಗುವುದಿಲ್ಲ!

ಒಂದೂವರೆ ಶತಮಾನ ಕಳೆದ ಮೇಲೆ, ಕ್ರಿ.ಪೂ. 593ರಲ್ಲಿ, ಬಾಬೆಲಿನ (ಬ್ಯಾಬಿಲೋನಿನ) ಸೆರೆಯಲ್ಲಿದ್ದ ಪ್ರವಾದಿ ಯೆಹೆಜ್ಕೇಲ ಕೆಬಾರ್ ಕಾಲುವೆಯ ದಂಡೆಯಲ್ಲಿ ಇನ್ನೊಂದು ದರ್ಶನ ಕಂಡ. ನಾಲ್ಕು ಜೀವಿಗಳು, ಒಂದೊಂದಕ್ಕೂ ಮನುಷ್ಯ, ಸಿಂಹ, ಎತ್ತು, ಹದ್ದು ಹೀಗೆ ನಾಲ್ಕು ಮುಖ. ಕಾಲು ನೆಟ್ಟಗೆ, ಪಾದ ಕರುವಿನ ಗೊರಸಿನ ಹಾಗೆ. ಪಕ್ಕದಲ್ಲಿ ಮೈತುಂಬ ಕಣ್ಣಿರುವ ಚಕ್ರಗಳು. ಈ ಅಧ್ಯಾಯವನ್ನು ಬಿಡಿಸಿ ಹೇಳುವುದು ಅಪಾಯ ಅಂತ ರಬ್ಬಿಗಳು ಭಾವಿಸಿದ್ದರು. ಸ್ವಂತ ಬುದ್ಧಿಯಿಂದ ತಿಳಿಯಬಲ್ಲ ಜ್ಞಾನಿ ಅಲ್ಲದಿದ್ದರೆ ಒಬ್ಬನೇ ಒಬ್ಬನಿಗೂ ಇದನ್ನು ಪಾಠ ಹೇಳಬೇಡಿ ಅಂತ ರಬ್ಬಿಗಳ ಹಳೆಯ ನಿಯಮಸಂಗ್ರಹ ಮಿಶ್ನಾ ಎಚ್ಚರಿಸುತ್ತದೆ. ಹಾಗಾಗಿ ನಾನೂ ಇಲ್ಲಿಗೆ ನಿಲ್ಲಿಸುತ್ತೇನೆ. (ನಗು.) ಆ ದರ್ಶನದಿಂದ ನಮಗೆ ಬೇಕಾದ್ದು ಎರಡು ಸಂಗತಿ. ಒಂದು, ನೆಟ್ಟಗಿನ ಕಾಲು. ಇನ್ನೊಂದು, ಬೆನ್ನ ಹಿಂದೆ ಕೇಳಿಸಿದ ಘೋಷ: ಆತನ ಸ್ಥಳದಿಂದ ಆತನ ಮಹಿಮೆಗೆ ಸ್ತುತಿಯಾಗಲಿ.

ಈಗ ಇವತ್ತಿನ ಸಿನಗಾಗ್‌ಗೆ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಬನ್ನಿ. ಬೆಳಗಿನ ಪ್ರಾರ್ಥನೆ ನಡೆಯುತ್ತಿದೆ. 'ಅಮಿದಾ' ಅನ್ನುವ ನಿಂತು ಮಾಡುವ ಪ್ರಾರ್ಥನೆಯಲ್ಲಿ ಎರಡೂ ಪಾದ ಜೋಡಿಸಿ ನಿಲ್ಲುತ್ತಾರೆ. ಯಾಕೆ? ಯೆಹೆಜ್ಕೇಲ ಕಂಡ ಜೀವಿಗಳ ಕಾಲು ಹಾಗಿತ್ತು ಅಂತ ರಬ್ಬಿಗಳ ಚರ್ಚೆಗಳ ದೊಡ್ಡ ಗ್ರಂಥವಾದ ತಾಲ್ಮುಡ್ ಕಾರಣ ಕೊಡುತ್ತದೆ. ಹತ್ತು ಜನ ಸೇರಿದ್ದರೆ ಮುಂದಾಳು ಗಟ್ಟಿಯಾಗಿ ಅಮಿದಾ ಹೇಳುವಾಗ ಮಧ್ಯದಲ್ಲಿ 'ಕೆದುಶಾ' ಬರುತ್ತದೆ. ಮೇಲಿನ ಲೋಕದಲ್ಲಿ ಅವರು ನಿನ್ನ ಹೆಸರನ್ನು ಪವಿತ್ರ ಅನ್ನುವ ಹಾಗೆ ನಾವು ಈ ಲೋಕದಲ್ಲಿ ಅನ್ನುತ್ತೇವೆ ಅಂತ ಶುರು. ಆಮೇಲೆ ಎಲ್ಲರೂ ಒಟ್ಟಿಗೆ ಕಾದೋಶ್, ಕಾದೋಶ್, ಕಾದೋಶ್. ಒಂದೊಂದು 'ಕಾದೋಶ್'ಗೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಏಳುತ್ತಾರೆ. ಕೋಟು ಹಾಕಿದ ದೊಡ್ಡವರು, ಪಕ್ಕದಲ್ಲಿ ಸಣ್ಣ ಮಕ್ಕಳು, ಎಲ್ಲರೂ ಮೂರು ಸಲ ಮೇಲೆ ಕೆಳಗೆ. ಹಿಂದೆಯೇ ಯೆಹೆಜ್ಕೇಲ ಕೇಳಿದ ಆ ಘೋಷ. ಎರಡು ಬೇರೆ ಬೇರೆ ಪ್ರವಾದಿಗಳಿಗೆ, ಬೇರೆ ಬೇರೆ ಊರಲ್ಲಿ ಕೇಳಿಸಿದ ಹಾಡುಗಳನ್ನು ಇಲ್ಲಿ ಒಟ್ಟು ಹೊಲಿದಿದ್ದಾರೆ. ಒಬ್ಬನೇ ಇದ್ದಾಗ ಇದನ್ನು ಹೇಳುವ ಹಾಗಿಲ್ಲ. ಸಂಪ್ರದಾಯಸ್ಥರಲ್ಲಿ ಆ ಹತ್ತು ಜನ ಗಂಡಸರೇ ಆಗಿರಬೇಕು. ಬೇರೆ ಪಂಥಗಳಲ್ಲಿ ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ.

ದೂತರ ಜೊತೆ ದನಿಗೂಡಿಸುವ ಆಸೆ ಹಳೆಯದು. ಸತ್ತ ಸಮುದ್ರದ ಹತ್ತಿರ ಕುಮ್ರಾನ್‌ನ ಗುಹೆಗಳಲ್ಲಿ 1947ರಿಂದ ಸಿಕ್ಕ ಸುರುಳಿಗಳಲ್ಲಿ 'ಸಬ್ಬತ್ ಯಜ್ಞದ ಹಾಡುಗಳು' ಅಂತ ಈಗ ಕರೆಯುವ ಒಂದು ಕಟ್ಟು ಇದೆ. 13 ಸಬ್ಬತ್‌ಗಳಿಗೆ, ಅಂದರೆ ವಾರದ ವಿಶ್ರಾಂತಿಯ ದಿನಗಳಿಗೆ, 13 ಹಾಡು. ಮಸಾದಾ ಕೋಟೆಯಲ್ಲಿ 1963-65ರಲ್ಲಿ ಯಿಗಾಯೆಲ್ ಯಾದಿನ್ ಅಗೆಸಿದಾಗ ಅದೇ ಹಾಡುಗಳ ಇನ್ನೊಂದು ಪ್ರತಿಯ ಚೂರು ಸಿಕ್ಕಿತು. ಸ್ವರ್ಗದ ದೇವಾಲಯದಲ್ಲಿ ದೂತರೇ ಪುರೋಹಿತರು, ಅಲ್ಲಿನ ಕಂಬ, ಬಾಗಿಲು, ಪರದೆ ಕೂಡ ಸ್ತುತಿಸುತ್ತವೆ. ಆದರೆ ಆ ದೂತರು ಏನು ಹಾಡುತ್ತಾರೆ ಅನ್ನುವ ಮಾತುಗಳನ್ನೇ ಕೊಟ್ಟಿಲ್ಲ. ಅವರ ಅರಿವಿನ ಮುಂದೆ ನಮ್ಮ ಮಣ್ಣಿನ ನಾಲಿಗೆಯ ಕಾಣಿಕೆ ಎಷ್ಟರದ್ದು ಅಂತ ಆ ಹಾಡು ಕಟ್ಟಿದ ಜನ ಕುಗ್ಗುತ್ತಾರೆ.

ರಬ್ಬಿಗಳ ದಾರಿ ಬೇರೆ. ಅವರಿಗೆ ಆ ಕುಗ್ಗುವಿಕೆ ಇಲ್ಲ. ನನ್ನ ಇವತ್ತಿನ ಮಾತಿನ ಹೂರಣ ಇರುವುದು ಇಲ್ಲೇ.

ಅಬ್ರಹಾಮನ ಮೊಮ್ಮಗ ಯಾಕೋಬ ರಾತ್ರಿಯಿಡೀ ಒಬ್ಬ ಅಪರಿಚಿತನ ಜೊತೆ ಕುಸ್ತಿ ಆಡಿದ ಕಥೆ ನಿಮಗೆ ಗೊತ್ತು. "ಬೆಳಗಾಗುತ್ತಿದೆ, ನನ್ನನ್ನು ಬಿಡು" ಅಂತ ಆ ಅಪರಿಚಿತ ಕೇಳುತ್ತಾನೆ. ಬೆಳಗಾದರೆ ಏನಂತೆ? ತಾಲ್ಮುಡ್‌ನ ಹುಲ್ಲಿನ್ ಭಾಗದಲ್ಲಿ ಯಾಕೋಬ ಅವನನ್ನು ಅದನ್ನೇ ಕೇಳುತ್ತಾನೆ: "ನೀನೇನು ಕಳ್ಳನಾ, ಜೂಜುಕೋರನಾ, ಬೆಳಗಾಗುವುದಕ್ಕೆ ಹೆದರುವುದಕ್ಕೆ?" ಅವನ ಉತ್ತರ: "ನಾನು ದೂತ. ನಾನು ಹುಟ್ಟಿದ ದಿನದಿಂದ ಹಾಡುವ ಸರದಿ ಬಂದಿರಲಿಲ್ಲ. ಇವತ್ತು ಬಂದಿದೆ." ಪಾಪ, ಯುಗಯುಗ ಕಾದು ಸರದಿ ಬಂದ ದಿನವೇ ಯಾಕೋಬನ ಕೈಗೆ ಸಿಕ್ಕಿಬಿದ್ದಿದ್ದಾನೆ.

ಅದೇ ಪುಟದಲ್ಲಿ ಇನ್ನೂ ದೊಡ್ಡ ಮಾತಿದೆ. ಕೆಳಗೆ ಇಸ್ರಾಯೇಲ್ ಜನ, ಅಂದರೆ ಯೆಹೂದಿಗಳು, ಹಾಡುವವರೆಗೂ ಮೇಲೆ ದೂತರು ಹಾಡುವ ಹಾಗಿಲ್ಲ. ದೂತರು ಮೂರು ಸಲ 'ಕಾದೋಶ್' ಅಂದ ಮೇಲಷ್ಟೇ ದೇವರ ಹೆಸರು ಉಚ್ಚರಿಸಬಹುದು. ಇಸ್ರಾಯೇಲ್ಯರು 'ಶೆಮಾ ಯಿಸ್ರಾಯೇಲ್' (ಇಸ್ರಾಯೇಲೇ, ಕೇಳು) ಅನ್ನುವ ಎರಡೇ ಪದಕ್ಕೆ ಆ ಹೆಸರಿಗೆ ಬಂದುಬಿಡುತ್ತಾರೆ. ಅಂದರೆ ಯಾರು ಹತ್ತಿರದವರು? ಬೆಳಗ್ಗೆ ನಿದ್ದೆಗಣ್ಣಲ್ಲಿ ಎದ್ದು ಬಂದು ಪ್ರಾರ್ಥನೆ ಗೊಣಗುವ ಒಬ್ಬ ಅಂಗಡಿಯವನಿಗಾಗಿ ಆರು ರೆಕ್ಕೆಯ ಸೆರಾಫಿ ಕಾಯುತ್ತಾ ನಿಂತಿದ್ದಾನೆ!

ಇದಕ್ಕೆ ಕಾರಣವೂ ಒಂದು ಕಥೆಯಲ್ಲಿದೆ. ಮೋಶೆ ತೋರಾ, ಅಂದರೆ ದೇವರ ಧರ್ಮಶಾಸ್ತ್ರ, ತರಲು ಮೇಲೆ ಹೋದಾಗ "ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಇಲ್ಲೇನು ಕೆಲಸ?" ಅಂತ ದೂತರು ತಕರಾರು ಮಾಡುತ್ತಾರೆ. ಉತ್ತರ ನೀನೇ ಕೊಡು ಅಂತ ದೇವರು ಮೋಶೆಗೆ ಹೇಳುತ್ತಾನೆ. ಮೋಶೆ ಕೇಳುತ್ತಾನೆ: ನೀವು ಐಗುಪ್ತದಲ್ಲಿ ಚಾಕರಿ ಮಾಡಿದ್ದಿರಾ? ನಿಮಗೆ ಅಪ್ಪ ಅಮ್ಮ ಇದ್ದಾರಾ ಗೌರವಿಸುವುದಕ್ಕೆ? ನಿಮ್ಮಲ್ಲಿ ಹೊಟ್ಟೆಕಿಚ್ಚು ಇದೆಯಾ, ಕೊಲೆ ಮಾಡಬೇಡಿ ಅಂತ ಹೇಳಿಸಿಕೊಳ್ಳುವುದಕ್ಕೆ? ದೂತರ ಹತ್ತಿರ ಮಾತಿಲ್ಲ. ತಪ್ಪು ಮಾಡುವ ಸಾಧ್ಯತೆಯೇ ಇಲ್ಲದವರಿಗೆ ಆಜ್ಞೆಗಳಿಂದ ಏನು ಉಪಯೋಗ? ಈ ವಾದದಲ್ಲಿ ಒಂದು ತುಂಟತನ ಇದೆ, ಜೊತೆಗೆ ಒಂದು ಜನದ ಗಟ್ಟಿ ಆತ್ಮವಿಶ್ವಾಸವೂ ಇದೆ. ಜೆರುಸಲೇಮಿನ ದೇವಾಲಯ ಸುಟ್ಟುಹೋದ ಮೇಲೆ, ರಾಜ್ಯ ಇಲ್ಲದ ಕಾಲದಲ್ಲಿ ಇಂಥ ಕಥೆ ಕಟ್ಟಿದರು ಅನ್ನುವುದನ್ನು ಮರೆಯಬಾರದು.

ಹಾಗಂತ ದೂತರ ಆಕರ್ಷಣೆ ಕಡಿಮೆಯಾಗಲಿಲ್ಲ. ಹಳೆಯ ಕಥೆಗಳಲ್ಲಿ ಹೆಸರಿಲ್ಲದ ದೂತರಿಗೆ ಹೆಸರು ಬಂದವು. ಹೀಬ್ರೂ ಬೈಬಲ್‌ನಲ್ಲಿ ಹೆಸರು ಇರುವುದು ಗಬ್ರಿಯೇಲ, ಮೀಕಾಯೇಲ ಇಬ್ಬರಿಗೇ, ಅದೂ ತಡವಾಗಿ ಬಂದ ದಾನಿಯೇಲನ ಗ್ರಂಥದಲ್ಲಿ ಮಾತ್ರ. ದೂತರ ಹೆಸರುಗಳು ಬಾಬೆಲಿನಿಂದ ನಮ್ಮ ಜೊತೆ ಬಂದವು ಅಂತ ಜೆರುಸಲೇಮ್ ತಾಲ್ಮುಡ್ ಮುಚ್ಚುಮರೆ ಇಲ್ಲದೆ ಒಪ್ಪಿಕೊಳ್ಳುತ್ತದೆ. ಆಮೇಲೆ ರಫಾಯೇಲ, ಉರಿಯೇಲ ಸೇರಿದರು. ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಮಕ್ಕಳು ಇವತ್ತಿಗೂ ಹೇಳುತ್ತಾರೆ: ಬಲಕ್ಕೆ ಮೀಕಾಯೇಲ, ಎಡಕ್ಕೆ ಗಬ್ರಿಯೇಲ, ಮುಂದೆ ಉರಿಯೇಲ, ಹಿಂದೆ ರಫಾಯೇಲ, ತಲೆಯ ಮೇಲೆ ದೇವರ ಸಾನ್ನಿಧ್ಯ.

ಹೆಸರು ಬಂದ ಮೇಲೆ ಅಪಾಯವೂ ಬರುತ್ತದೆ. ಮಾನೋಹನಿಗೆ ದೂತ ಹೆಸರು ಹೇಳಲಿಲ್ಲ ಅಂದೆನಲ್ಲ. ಹೆಸರು ಗೊತ್ತಾದರೆ ಕೂಗಿ ಕರೆಯುವುದು ಸುಲಭ. ಕಷ್ಟ ಬಂದರೆ ಮೀಕಾಯೇಲನನ್ನೂ ಕೂಗಬೇಡ, ಗಬ್ರಿಯೇಲನನ್ನೂ ಕೂಗಬೇಡ, ನನ್ನನ್ನೇ ಕೂಗು, ತಕ್ಷಣ ಓಗೊಡುತ್ತೇನೆ ಅಂತ ದೇವರು ಹೇಳುವ ಮಾತು ಅದೇ ಜೆರುಸಲೇಮ್ ತಾಲ್ಮುಡ್‌ನಲ್ಲಿದೆ. ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಊಟದ ಮೇಜಿನ ಸುತ್ತ ಓದುವ ಹಗ್ಗಾದಾ ಕೂಡ ಇದನ್ನೇ ಒತ್ತಿ ಹೇಳುತ್ತದೆ: ಐಗುಪ್ತದಿಂದ ಬಿಡಿಸಿದ್ದು ನಾನು, ದೂತನಲ್ಲ; ನಾನು, ಸೆರಾಫಿಯಲ್ಲ; ನಾನು, ಪ್ರತಿನಿಧಿಯಲ್ಲ.

ಇನ್ನೊಂದು ಕಥೆ ಇದಕ್ಕಿಂತ ಖಾರ. ಎಲೀಷ ಬೆನ್ ಅಬೂಯಾ ಅನ್ನುವ ದೊಡ್ಡ ಪಂಡಿತ ಸ್ವರ್ಗ ಹೊಕ್ಕಾಗ ಮೆಟಟ್ರೋನ್ ಅನ್ನುವ ದೂತ ಕೂತು ಲೆಕ್ಕ ಬರೆಯುತ್ತಿದ್ದ. ಮೇಲೆ ಯಾರೂ ಕೂರುವುದಿಲ್ಲ ಅಂತ ಪಂಡಿತ ಕಲಿತಿದ್ದ. ಕೂತವನನ್ನು ಕಂಡು "ಹಾಗಾದರೆ ಇಲ್ಲಿ ಎರಡು ಶಕ್ತಿಗಳಿವೆಯೋ ಏನೋ!" ಅಂದುಬಿಟ್ಟ. ಅವನ ನಂಬಿಕೆ ಅಲ್ಲಿಗೆ ಕೆಟ್ಟಿತು. ಮೆಟಟ್ರೋನ್‌ಗೆ ಏನಾಯಿತು ಗೊತ್ತಾ? ಅವನನ್ನು ಹೊರಗೆ ಕರೆದು ಬೆಂಕಿಯ ಚಾಟಿಯಿಂದ 60 ಏಟು ಹೊಡೆದರು. ಪಂಡಿತ ಬಂದಾಗ ಎದ್ದು ನಿಲ್ಲಲಿಲ್ಲ ಯಾಕೆ ಅಂತ!

ಇಷ್ಟೆಲ್ಲ ಎಚ್ಚರ ಇದ್ದರೂ ಸಬ್ಬತ್ ಶುರುವಾಗುವ ಶುಕ್ರವಾರ ರಾತ್ರಿ ಮನೆಮನೆಯಲ್ಲಿ ದೂತರಿಗೇ ಹಾಡು ಹೇಳುತ್ತಾರೆ. 'ಶಾಲೋಮ್ ಅಲೇಖೆಮ್', ನಿಮಗೆ ಶಾಂತಿ ಇರಲಿ. ಸಿನಗಾಗ್‌ನಿಂದ ಮನೆಗೆ ಬರುವವನ ಜೊತೆ ಇಬ್ಬರು ದೂತರು ಬರುತ್ತಾರೆ ಅಂತ ತಾಲ್ಮುಡ್ ಹೇಳುತ್ತದೆ, ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು. ದೀಪ ಹಚ್ಚಿ, ಮೇಜು ಅಣಿಮಾಡಿ, ಹಾಸಿಗೆ ಹಾಸಿದ್ದರೆ ಒಳ್ಳೆಯವನು "ಮುಂದಿನ ವಾರವೂ ಹೀಗೇ ಇರಲಿ" ಅನ್ನುತ್ತಾನೆ. ಕೆಟ್ಟವನು ಇಷ್ಟವಿಲ್ಲದಿದ್ದರೂ "ಆಮೆನ್" ಅನ್ನಲೇಬೇಕು. ಮನೆ ಚೆಲ್ಲಾಪಿಲ್ಲಿ ಇದ್ದರೆ ಪಾತ್ರ ಅದಲುಬದಲು. ಹಾಡಿನ ಮೂರನೇ ನುಡಿಯಲ್ಲಿ "ನನ್ನನ್ನು ಹರಸಿ" ಅಂತ ದೂತರನ್ನೇ ಕೇಳುತ್ತಾರೆ. ಇದು ಗೆರೆ ದಾಟಿದ ಹಾಗಲ್ಲವಾ ಅಂತ ಕೆಲವು ರಬ್ಬಿಗಳು ಆಕ್ಷೇಪ ಎತ್ತಿದರು. ಹೊಸ ವರ್ಷಕ್ಕೆ ಮುಂಚೆ ಕ್ಷಮೆ ಬೇಡುವ ದಿನಗಳಲ್ಲಿ ಹೇಳುವ ಇನ್ನೊಂದು ಹಾಡಿನಲ್ಲಂತೂ, ನಮ್ಮ ಕಣ್ಣೀರನ್ನು ದೇವರ ಮುಂದೆ ಒಯ್ಯಿರಿ ಅಂತ ದೂತರನ್ನು ನೇರ ಬೇಡುತ್ತಾರೆ. ಪ್ರಾಗ್‌ನ ರಬ್ಬಿ ಮಹರಾಲ್ (ಮರಣ 1609) ಇದನ್ನು ವಿರೋಧಿಸಿದ. ಕೆಲವರು ಬಿಟ್ಟರು, ಕೆಲವರು ಪದ ಬದಲಿಸಿದರು, ಜಾಸ್ತಿ ಜನ ಹಾಡುತ್ತಲೇ ಹೋದರು. ರಾಗ ಚೆನ್ನಾಗಿರುವ ಹಾಡನ್ನು ತರ್ಕದಿಂದ ನಿಲ್ಲಿಸಲು ಆಗುವುದಿಲ್ಲ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಯೆಹೂದಿಗಳು ದೂತರನ್ನು ಅಕ್ಷರಶಃ ನಂಬುತ್ತಾರಾ ಅಂತ ಒಬ್ಬರು ಕೇಳಿದರು. ಒಂದೇ ಉತ್ತರ ಇಲ್ಲ. 12ನೇ ಶತಮಾನದ ಯೆಹೂದಿ ತತ್ವಜ್ಞಾನಿ ಮೈಮೊನಿಡೀಸ್ ಒಂದು ಚುಚ್ಚುಮಾತು ಆಡುತ್ತಾನೆ. ದೇವರು ಒಬ್ಬ ಬೆಂಕಿಮೈಯ ದೂತನನ್ನು ಗರ್ಭಕ್ಕೆ ಕಳಿಸಿ ಮಗುವನ್ನು ತಿದ್ದಿಸುತ್ತಾನೆ ಅಂದರೆ ಜನ ಖುಷಿಪಡುತ್ತಾರೆ. ಬೀಜದಲ್ಲೇ ಅಂಗಾಂಗ ಮೂಡಿಸುವ ಶಕ್ತಿ ಇಟ್ಟಿದ್ದಾನೆ, ಆ ಶಕ್ತಿಯೇ ದೂತ ಅಂದರೆ ಮುಖ ತಿರುಗಿಸುತ್ತಾರೆ. ಅಬ್ರಹಾಮನ ಮನೆಗೆ ಮೂವರು ಬಂದದ್ದೂ ದರ್ಶನದಲ್ಲಿ ಅಂತ ಅವನ ಮತ. ಆಮೇಲಿನ ಕಾಲದ ಬೈಬಲ್ ವ್ಯಾಖ್ಯಾನಕಾರ ನಹ್ಮಾನಿಡೀಸ್‌ಗೆ ಇದನ್ನು ಓದಿ ಸಿಟ್ಟೇ ಬಂತು. ಹಾಗಾದರೆ ಸಾರ ಹಿಟ್ಟು ನಾದಲಿಲ್ಲವಾ, ನಗಲಿಲ್ಲವಾ, ಎಲ್ಲ ಕನಸಾ? ಇಂಥ ಮಾತು ಕೇಳುವುದೇ ತಪ್ಪು, ನಂಬುವುದಂತೂ ದೂರ ಅಂದ. ಕಥೆಯ ರುಚಿಯ ಮಟ್ಟಿಗೆ ನಾನು ನಹ್ಮಾನಿಡೀಸ್ ಕಡೆ.

ಇನ್ನೊಬ್ಬರು ನಗುತ್ತಾ, ದೂತರಿಗೆ ಕನ್ನಡ ಬರುತ್ತದಾ ಅಂತ ಕೇಳಿದರು. ತಾಲ್ಮುಡ್ ಇದನ್ನೂ ಬಿಟ್ಟಿಲ್ಲ. ದೂತರಿಗೆ ಅರಾಮಿಕ್ ಬರುವುದಿಲ್ಲ, ಹಾಗಾಗಿ ನಿನ್ನ ಬೇಡಿಕೆಯನ್ನು ಆ ಭಾಷೆಯಲ್ಲಿ ಹೇಳಬೇಡ ಅಂತ ರಬ್ಬಿ ಯೋಹಾನಾನ್ ಹೇಳುತ್ತಾನೆ. ಅದು ಆ ಕಾಲದ ಮನೆಮಾತು, ನೋಡಿ. ಗಬ್ರಿಯೇಲನಿಗೆ ಮಾತ್ರ ವಿನಾಯಿತಿ. ಅವನಿಗೆ 70 ಭಾಷೆ ಬರುತ್ತದೆ, ಯಾಕೋಬನ ಮಗ ಯೋಸೇಫನಿಗೆ ಕಲಿಸಿದವನೇ ಅವನು. ಅದರಲ್ಲಿ ಕನ್ನಡ ಇದೆ ಅಂತ ನಾವು ಅಂದುಕೊಳ್ಳಬಹುದು. ಆದರೆ ಹತ್ತು ಜನ ಸೇರಿ ಪ್ರಾರ್ಥಿಸುವಾಗ ಯಾವ ಭಾಷೆಯಾದರೂ ನಡೆಯುತ್ತದೆ. ಕಾಯಿಲೆಯವರ ಪಕ್ಕದಲ್ಲಿ ಕೂತು ಪ್ರಾರ್ಥಿಸುವಾಗಲೂ ಅಷ್ಟೇ. ಅಲ್ಲಿ ಹಾಸಿಗೆಯ ತಲೆದೆಸೆಯಲ್ಲಿ ದೇವರೇ ಇರುತ್ತಾನೆ, ಸುದ್ದಿ ಮುಟ್ಟಿಸಲು ದೂತ ಬೇಕಾಗುವುದಿಲ್ಲ ಅನ್ನುವುದು ಅವರ ವಿವರಣೆ.